ಸೀಟ್ ಸಿಂಗಾಪುರ, ಮಣ್ಣು ಬೀದರ್‌ದು

ಮೂಟ್ ಕೋರ್ಟ್, ಅಂದರೆ ಕಾನೂನು ವಿದ್ಯಾರ್ಥಿಗಳ ಅಣಕು ನ್ಯಾಯಾಲಯ ಸ್ಪರ್ಧೆ, ಇದ್ದದ್ದು ಕಲಬುರಗಿಯಲ್ಲಿ. ಆದರೂ ನಮ್ಮ ತಂಡ ಮೊದಲು ಬೀದರ್‌ಗೆ ಹೋಯಿತು. ಕಾರಣ ಸ್ಪರ್ಧೆಗೆ ಕೊಟ್ಟಿದ್ದ ಕಾಲ್ಪನಿಕ ಕೇಸ್. ಬೀದರ್‌ನ ಬಿದ್ರಿ ಕೆಲಸಗಾರರ ಒಂದು ಸಂಘ, ಬೆಂಗಳೂರಿನ ಒಬ್ಬ ರಫ್ತುದಾರ. ಬೇರೆ ಊರಲ್ಲಿ ಮಷೀನಿನಿಂದ ಮಾಡಿಸಿದ ಹೂದಾನಿಗೂ ಅವನು ಬಿದ್ರಿ ಅಂತ ಚೀಟಿ ಅಂಟಿಸಿ ಮಾರಿದ್ದಾನೆ. ಇಬ್ಬರ ಒಪ್ಪಂದದಲ್ಲಿ ಆರ್ಬಿಟ್ರೇಷನ್ ಷರತ್ತು, ಅಂದರೆ ಜಗಳವನ್ನು ಕೋರ್ಟಿನ ಬದಲು ಖಾಸಗಿ ಪಂಚರು ತೀರ್ಮಾನಿಸಬೇಕು. ಅದರ ಸೀಟ್, ಅಂದರೆ ಯಾವ ದೇಶದ ಆರ್ಬಿಟ್ರೇಷನ್ ಕಾನೂನು, ಕೋರ್ಟು ಅದಕ್ಕೆ ಅನ್ವಯ ಎಂಬುದು, ಸಿಂಗಾಪುರ.

ಫೋನಿನಲ್ಲಿ ಒಪ್ಪಿದ್ದ ಲಾಡ್ಜ್‌ನವರು ರಾತ್ರಿ ತಲುಪಿದ ಮೇಲೆ ರೂಮಿಲ್ಲ ಎಂದರು. ಶನಿವಾರ, ಭಾನುವಾರ ಬೀದರ್‌ಗೆ ಹೋಗುವವರು ಅಡ್ವಾನ್ಸ್ ಕಟ್ಟಿ, ರಸೀದಿಯನ್ನು ವಾಟ್ಸಾಪ್‌ಗೆ ತರಿಸಿಕೊಳ್ಳಿ. ಬರೀ ಬಾಯಿಮಾತಿಗೆ ಬೆಲೆಯಿಲ್ಲ.

ಕೋಟೆ ಚೆನ್ನಾಗಿದೆ. 1472ರ ಮಹಮೂದ್ ಗವಾನ್ ಮದರಸಾ ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಯಿತು. ಆದರೆ ಹೊತ್ತು ಕಳೆದದ್ದೆಲ್ಲ ಒಂದು ಸಣ್ಣ ಬಿದ್ರಿ ಕಾರ್ಖಾನೆಯಲ್ಲಿ.

ಸತು ಜಾಸ್ತಿ, ತಾಮ್ರ ಸ್ವಲ್ಪ. ಆ ಎರಕದ ಮೇಲೆ ಅಲ್ಲಿನ ಕೆಲಸಗಾರರು, ನಾವು ಚಾಚಾ ಎಂದು ಕರೆದವರು, ಬೆಳ್ಳಿ ತಂತಿ ಕೂರಿಸುತ್ತಿದ್ದರು. ಕೊನೆಗೆ ಕೋಟೆಯ ಹಳೇ ಮಣ್ಣನ್ನು ನವಸಾಗರ ಎಂಬ ಉಪ್ಪಿನ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಹೂಜಿಗೆ ಉಜ್ಜಿದರು. ಲೋಹ ಕಪ್ಪಾಯಿತು, ಬೆಳ್ಳಿ ಹಾಗೇ ಉಳಿಯಿತು. ಮಣ್ಣನ್ನು ಮೊದಲು ನಾಲಿಗೆಗೆ ಇಟ್ಟು ನೋಡಿದ್ದರು!

ನಮ್ಮ ಕೇಸ್ ಹೇಳಿದೆವು. ಅವರು ಕೈ ನಿಲ್ಲಿಸಲಿಲ್ಲ.

“ಜಗಳ ಎಲ್ಲಿ ಬಗೆಹರೀತದ?”

“ಸಿಂಗಾಪುರದ ಆರ್ಬಿಟ್ರೇಷನ್ ಕಾನೂನಿನ ಪ್ರಕಾರ, ಚಾಚಾ. ವಿಚಾರಣೆ ಬೇಕಾದ್ರೆ ಬೀದರ್‌ನಲ್ಲೇ ನಡೆಸಬಹುದು. ತೀರ್ಪು ರದ್ದಾಗಬೇಕು ಅಂದ್ರೆ ಮಾತ್ರ ಅಲ್ಲಿನ ಕೋರ್ಟಿಗೆ ಹೋಗಬೇಕು.”

“ಅಂದ್ರ ಸೋತವರು ಸಿಂಗಾಪುರಕ್ಕ ಹೋಗಬೇಕು. ರೊಕ್ಕ?”

ಖರ್ಚನ್ನು ಸಾಮಾನ್ಯವಾಗಿ ಸೋತವರೇ ಕೊಡುತ್ತಾರೆ ಎಂದು ನನ್ನ ಗೆಳತಿ ವಿವರಿಸಿದಳು. ಚಾಚಾ ನಕ್ಕರು. “ಸಹಿ ಮಾಡೋವಾಗ ಇದನ್ನೆಲ್ಲ ಯಾರು ಓದಿ ಹೇಳ್ತಾರ್ರಿ?”

ಆಮೇಲೆ ನಾವು ಎರಡೂ ಕಡೆ ವಾದಿಸಬೇಕು, ಒಂದು ರೌಂಡ್ ಸಂಘದ ಪರ, ಇನ್ನೊಂದು ರಫ್ತುದಾರನ ಪರ ಎಂದಾಗ ಸುತ್ತಿಗೆ ಕೆಳಗಿಟ್ಟರು. “ಎರಡೂ ನೀವೇ? ಹಂಗಾದ್ರ ಯಾರು ಸುಳ್ಳು ಹೇಳ್ತೀರಿ?” ನಮ್ಮಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಕಲಬುರಗಿಯಲ್ಲಿ ಊಟ ಬೊಂಬಾಟ್, ಜೋಳದ ರೊಟ್ಟಿ, ಶೇಂಗಾ ಹಿಂಡಿ. ಸಭಾಂಗಣದ ಮೈಕ್ ಮಾತ್ರ ಕೆಟ್ಟದು. ರಫ್ತುದಾರನ ಪರ ರೌಂಡ್ ಸಲೀಸಾಗಿ ಗೆದ್ದೆವು. ಇಬ್ಬರು ಭಾರತೀಯರು ವಿದೇಶಿ ಸೀಟ್ ಒಪ್ಪಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಗೆಳತಿ ಅದನ್ನು ಪಟಪಟನೆ ಮುಂದಿಟ್ಟಳು. ಬಿದ್ರಿಯ ಜಿಐ (ಭೌಗೋಳಿಕ ಗುರುತು) ನೋಂದಣಿ ಸರಿಯೋ ತಪ್ಪೋ ಎಂದು ಖಾಸಗಿ ಪಂಚರು ತೀರ್ಮಾನಿಸುವಂತಿಲ್ಲ, ಅದು ಎಲ್ಲರಿಗೂ ಅನ್ವಯಿಸುವ ಹಕ್ಕು. ಆದರೆ ಇಬ್ಬರ ನಡುವಿನ ಒಪ್ಪಂದ ಮುರಿದದ್ದನ್ನು ತೀರ್ಮಾನಿಸಬಹುದು. ಆ ಗೆರೆಯನ್ನೂ ಅವಳು ಚೆನ್ನಾಗಿ ಎಳೆದಳು.

ಸಂಘದ ಪರ ವಾದಿಸಿದವಳು ನಾನು. ಚಾಚಾ ಕೇಳಿದ್ದನ್ನೇ ಕೇಳಿದೆ: ಸಹಿಗೆ ಮುಂಚೆ ಷರತ್ತನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಯಾರಾದರೂ ಓದಿ ಹೇಳಿದ್ದರೇ? ತೀರ್ಪುಗಾರರು “ಇದರಲ್ಲಿ ಕಾನೂನಿಗಿಂತ ಕಣ್ಣೀರೇ ಜಾಸ್ತಿ” ಎಂದರು. ಸೋತೆವು.

ನನಗೆ ಆ ಮಾತು ಈಗಲೂ ಒಪ್ಪಿಗೆಯಿಲ್ಲ. ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ ಎನ್ನುತ್ತದೆ 1872ರ ಕರಾರು ಕಾಯ್ದೆಯ 13ನೇ ಸೆಕ್ಷನ್. ಕಣ್ಣೀರು ಎಲ್ಲಿ ಬಂತು ಇದರಲ್ಲಿ?