ಪರದೆಯ ಹಿಂದೆ ಹೋದವರ ಪಟ್ಟಿ

ಬರ್ಲಿನ್‌ನಲ್ಲಿರುವ ನಾವು ಕೆಲವು ಕನ್ನಡಿಗರು ಸೇರಿ ಈ ಸಲದ ರಾಜ್ಯೋತ್ಸವಕ್ಕೆ ಒಂದು ನಾಟಕ ಆಡೋಣ ಅಂದುಕೊಂಡೆವು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ಸುಮತಿ’ ಎಂಬ ಕಲ್ಪಿತ ದೇಶ, ಅಲ್ಲಿ ಒಂದೇ ಪಕ್ಷ, ಒಬ್ಬನೇ ನಾಯಕ. ಮೊದಲ ಅಂಕ ಸಲೀಸಾಗಿ ಬಂತು: ಭಾಷಣ, ಮೆರವಣಿಗೆ, ಗೋಡೆ ತುಂಬ ಘೋಷಣೆ. ಎರಡನೆಯದರಲ್ಲಿ ಆ ದೇಶದ ಸಾಮಾನ್ಯ ಹೆಂಗಸೊಬ್ಬಳು ರಂಗದ ಮೇಲೆ ಬರಬೇಕಿತ್ತು. ಅವಳು ಬೆಳಿಗ್ಗೆ ಎದ್ದು ಬ್ರೆಡ್ ತರಲು ಹೊರಟಾಗ ಅವಳ ತಲೆಯೊಳಗೆ ಏನು ನಡೆಯುತ್ತಿರುತ್ತದೆ? ಅಲ್ಲಿಗೆ ಬಂದು ಬರವಣಿಗೆ ನಿಂತುಬಿಟ್ಟಿತು.

ನಾನಿರುವ ಊರಿನ ಅರ್ಧ ಭಾಗವೇ 1949ರಿಂದ 1990ರವರೆಗೆ ಅಂಥ ಒಂದು ದೇಶದಲ್ಲಿತ್ತು. ಕೆಳಮನೆಯಲ್ಲಿರುವ ನಿವೃತ್ತ ಶಿಕ್ಷಕಿ ಹುಟ್ಟಿ ಬೆಳೆದದ್ದು ಪೂರ್ವ ಜರ್ಮನಿಯಲ್ಲೇ. ಆ ದೇಶದ ಗುಪ್ತ ಪೊಲೀಸ್ ಇಲಾಖೆಯ ಹೆಸರು ಸ್ಟಾಸಿ. “ಸ್ಟಾಸಿ ಮ್ಯೂಸಿಯಂ ನೋಡಬೇಕು, ಬರ್ತೀರಾ?” ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಬರುತ್ತೇನೆ ಅಂದರು.

ಲಿಷ್ಟನ್‌ಬೆರ್ಗ್ ಭಾಗದಲ್ಲಿ ಮೆಟ್ರೊ ಇಳಿದು ಸ್ವಲ್ಪ ನಡೆದರೆ ಆ ಕಟ್ಟಡಗಳ ಸಮೂಹ. ರಾಜ್ಯ ಭದ್ರತಾ ಸಚಿವಾಲಯ, ಅಂದರೆ ಸ್ಟಾಸಿಯ ಕೇಂದ್ರ ಕಚೇರಿ ಇದ್ದದ್ದು ಇಲ್ಲೇ. 1990ರ ಜನವರಿ 15ರಂದು ಜನ ಗೇಟು ದಾಟಿ ಒಳನುಗ್ಗಿದ್ದೂ ಇಲ್ಲಿಗೇ. 1957ರಿಂದ 1989ರವರೆಗೆ ಸಚಿವನಾಗಿದ್ದ ಎರಿಷ್ ಮೀಲ್ಕೆಯ ಕೋಣೆ ಹಾಗೇ ಉಳಿದಿದೆ: ಮರದ ಹಲಗೆಯ ಗೋಡೆ, ಸಾಲು ಟೆಲಿಫೋನು, ಪಕ್ಕದಲ್ಲಿ ಮಲಗುವ ಕೋಣೆ. ಗಿಡಕ್ಕೆ ನೀರು ಹಾಕುವ ಕ್ಯಾನಿನೊಳಗೆ, ಕೋಟಿನ ಗುಂಡಿಯ ಹಿಂದೆ ಅಡಗಿಸಿಟ್ಟ ಕ್ಯಾಮೆರಾಗಳು. ಅನುಮಾನ ಬಂದವರ ಮೈವಾಸನೆಯನ್ನು ಬಟ್ಟೆಯ ತುಂಡಿಗೆ ಹಿಡಿಸಿ, ನಾಯಿಗೆ ಮೂಸಿಸಲೆಂದು ಮುಚ್ಚಿಟ್ಟ ಗಾಜಿನ ಜಾಡಿಗಳು. ಸುಮಾರು 1 ಕೋಟಿ 60 ಲಕ್ಷ ಜನರ ದೇಶದಲ್ಲಿ ಕೊನೆಯ ವರ್ಷ ಈ ಇಲಾಖೆಗೆ ಸುಮಾರು 91,000 ಪೂರ್ಣಾವಧಿ ನೌಕರರು. ಗುಟ್ಟಾಗಿ ಸುದ್ದಿ ಮುಟ್ಟಿಸುವವರ ಲೆಕ್ಕ ಬೇರೆ, ಅದು ಇದರ ಹತ್ತಿರ ಹತ್ತಿರ ಎರಡರಷ್ಟು. ನಾನು ಪುಸ್ತಕ ತುಂಬ ಟಿಪ್ಪಣಿ ಮಾಡಿಕೊಂಡೆ. ಅವರು ಮಾತ್ರ ಎಲ್ಲಿಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಹೊರಗೆ ಬಂದು ಕಾಫಿಗೆ ಕೂತಾಗ ಹೇಳಿದರು: “ಈ ಕ್ಯಾಮೆರಾ, ಈ ಜಾಡಿ ಯಾವುದನ್ನೂ ಆಗ ನಾವು ಕಂಡವರಲ್ಲ. ನಾವು ಕಂಡದ್ದು ಮತಗಟ್ಟೆ. ನಿಮ್ಮ ನಾಟಕದಲ್ಲಿ ಚುನಾವಣೆ ಇದೆಯಾ?”

ಇರಲಿಲ್ಲ. ಒಂದೇ ಪಕ್ಷದ ದೇಶಕ್ಕೆ ಚುನಾವಣೆ ಯಾಕೆ ಅಂದೆ.

ಆಮೇಲೆ ಅವರು ಬಿಡಿಸಿ ಹೇಳಿದ್ದನ್ನು ಇಲ್ಲಿ ಬರೆದಿಡಬೇಕು ಅನ್ನಿಸುತ್ತಿದೆ. ಹೆಸರಿಗೆ ಅಲ್ಲಿ ಐದು ಪಕ್ಷಗಳಿದ್ದವು. ಸಂಸತ್ತಿನಲ್ಲಿ 500 ಸ್ಥಾನ. ಆಳುವ ಸೋಷಿಯಲಿಸ್ಟ್ ಯೂನಿಟಿ ಪಕ್ಷಕ್ಕೆ 127, ಉಳಿದ ನಾಲ್ಕಕ್ಕೂ ತಲಾ 52, ಮಿಕ್ಕದ್ದು ಕಾರ್ಮಿಕ ಸಂಘ, ಯುವಜನ ಸಂಘ, ಮಹಿಳಾ ಸಂಘ ಇಂಥವಕ್ಕೆ. ಆ ಸಂಘಗಳ ಸದಸ್ಯರಲ್ಲೂ ಆಳುವ ಪಕ್ಷದವರೇ ಹೆಚ್ಚು. ಪಕ್ಷಗಳ ಈ ಹಂಚಿಕೆ ಮತದಾನಕ್ಕೆ ಮೊದಲೇ ಗೊತ್ತಾಗಿರುತ್ತಿತ್ತು, ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತಲೂ ಇರಲಿಲ್ಲ. ಮತಪತ್ರದ ಮೇಲೆ ಒಂದೇ ಪಟ್ಟಿ. ಗುರುತು ಹಾಕುವ ಕೆಲಸವಿಲ್ಲ. ಕಾಗದ ತೆಗೆದುಕೊಳ್ಳಬೇಕು, ಮಡಚಬೇಕು, ಪೆಟ್ಟಿಗೆಗೆ ಹಾಕಬೇಕು, ಮನೆಗೆ ಹೋಗಬೇಕು. ಮೊದಲ ಸಲ ಮತ ಹಾಕುವ ಹುಡುಗ ಹುಡುಗಿಯರಿಗೆ ಹೂವು ಕೊಡುತ್ತಿದ್ದರು.

ಪಟ್ಟಿ ಒಪ್ಪಿಗೆ ಇಲ್ಲದಿದ್ದರೆ ಅದರಲ್ಲಿನ ಒಂದೊಂದು ಹೆಸರನ್ನೂ ಹೊಡೆದು ಹಾಕಬೇಕು. ಅದಕ್ಕೆ ಪೆನ್ಸಿಲ್ ಬೇಕು, ಮರೆ ಬೇಕು. ಪರದೆ ಕಟ್ಟಿದ ಜಾಗವೊಂದು ಇರುತ್ತಿತ್ತು, ಆದರೆ ಕೋಣೆಯ ಆ ತುದಿಯಲ್ಲಿ. ಪರಿಚಯದವರೇ ಕೂತಿರುವ ಮೇಜುಗಳ ಮುಂದೆ ಹಾದು, ಪೆಟ್ಟಿಗೆಯನ್ನು ಹಿಂದೆ ಬಿಟ್ಟು, ಅಷ್ಟು ದೂರ ನಡೆಯಬೇಕು. ಹಾಗೆ ನಡೆದವರ ಹೆಸರು ಬರೆದುಕೊಳ್ಳುತ್ತಿದ್ದರು. ಮಧ್ಯಾಹ್ನವಾದರೂ ಬಾರದವರ ಮನೆಗೆ ಪೆಟ್ಟಿಗೆಯೇ ಹೋಗುತ್ತಿತ್ತು.

“ಪರದೆಯ ಹಿಂದೆ ಹೋಗಬಾರದು ಅಂತ ಯಾವ ಕಾನೂನೂ ಹೇಳಿರಲಿಲ್ಲ,” ಅಂದರು. “ನಾನು ಪ್ರತಿ ಸಲವೂ ಮಡಚಿದೆ. ಮಗಳಿಗೆ ಕಾಲೇಜು ಸೀಟು ಬೇಕಿತ್ತು.”

ನನಗೆ ಶಿವಮೊಗ್ಗ ಕಡೆಯ ನಮ್ಮ ಊರಿನ ಶಾಲೆ ನೆನಪಾಯಿತು. ಅಲ್ಲಿ ಮತ ಹಾಕುವವರೆಲ್ಲರೂ ರಟ್ಟಿನ ಮರೆಯ ಹಿಂದೆ ಹೋಗುತ್ತಾರೆ, ಊರ ಗೌಡರೂ, ಅವರ ತೋಟದ ಆಳೂ. ಎಲ್ಲರೂ ಹೋಗುವುದರಿಂದಲೇ ಯಾರು ಹೋದರು ಎಂಬ ಪ್ರಶ್ನೆ ಏಳುವುದಿಲ್ಲ. ಮೈಸೂರಿನಲ್ಲಿ ತಯಾರಾಗುವ ಶಾಯಿ ಬೆರಳಿಗೆ ಬೀಳುತ್ತದೆ; ಮತ ಹಾಕಿದ್ದು ಗೊತ್ತಾಗುತ್ತದೆ, ಯಾರಿಗೆ ಅನ್ನುವುದು ಮನೆಯವರಿಗೂ ಗೊತ್ತಾಗಬೇಕಿಲ್ಲ. ನಮ್ಮ ಚುನಾವಣೆಗಳಲ್ಲಿ ಹಣ, ಹೆಂಡ, ಜಾತಿ ಎಲ್ಲವೂ ಇವೆ, ಅವುಗಳ ಬಗ್ಗೆ ನನಗೆ ಸಿಟ್ಟೂ ಇದೆ. ಆದರೂ ಆ ರಟ್ಟಿನ ತುಂಡಿನ ಬೆಲೆ ಅಂದು ಬರ್ಲಿನ್‌ನ ಕಾಫಿ ಅಂಗಡಿಯಲ್ಲಿ ನನಗೆ ತಟ್ಟಿದ ಹಾಗೆ ಹಿಂದೆ ಯಾವತ್ತೂ ತಟ್ಟಿರಲಿಲ್ಲ.

1989ರ ಮೇ 7ರ ಸ್ಥಳೀಯ ಚುನಾವಣೆಯ ಕತೆಯನ್ನೂ ಅವರೇ ಹೇಳಿದರು. ಎಣಿಕೆ ಸಾರ್ವಜನಿಕ ಅಂತ ಅವರ ಕಾನೂನಿನಲ್ಲೇ ಇತ್ತು, ಯಾರೂ ಬಳಸಿಕೊಂಡಿರಲಿಲ್ಲ ಅಷ್ಟೆ. ಆ ಸಲ ವೈಸನ್‌ಸೇ ಮುಂತಾದ ಬಡಾವಣೆಗಳಲ್ಲಿ ಹಲವರು, ಬಹಳ ಮಂದಿ ಚರ್ಚ್‌ಗಳ ಆಸರೆಯಲ್ಲಿ ಸೇರಿಕೊಂಡವರು, ಸಂಜೆ ಮತಗಟ್ಟೆಗಳಿಗೆ ಹೋಗಿ ನಿಂತರು. ಓದಿ ಹೇಳಿದ ಅಂಕಿಗಳನ್ನು ಬರೆದುಕೊಂಡರು, ಕೂಡಿಸಿದರು. ರಾತ್ರಿ ಚುನಾವಣಾ ಆಯೋಗದ ಮುಖ್ಯಸ್ಥ ಎಗೋನ್ ಕ್ರೆನ್ಸ್ ಟಿವಿಯಲ್ಲಿ ಬಂದು ನೂರಕ್ಕೆ 98.85 ಮತ ಪಟ್ಟಿಯ ಪರ ಅಂತ ಘೋಷಿಸಿದ. ಇವರ ಲೆಕ್ಕಕ್ಕೂ ಅದಕ್ಕೂ ತಾಳೆಯೇ ಆಗಲಿಲ್ಲ. ಮುಂದೆ ಪ್ರತಿ ತಿಂಗಳ 7ರಂದು ಅಲೆಕ್ಸಾಂಡರ್‌ಪ್ಲಾಟ್ಸ್‌ನಲ್ಲಿ ಜನ ಪ್ರತಿಭಟನೆಗೆ ಸೇರತೊಡಗಿದರು, ಪೊಲೀಸರು ಎಳೆದೊಯ್ದರೂ ಮತ್ತೆ ಬಂದರು. ನವೆಂಬರ್ 9ಕ್ಕೆ ಊರನ್ನು ಎರಡಾಗಿಸಿದ್ದ ಬರ್ಲಿನ್ ಗೋಡೆ ತೆರೆಯಿತು. ಗೋಡೆಯ ಚಿತ್ರಗಳನ್ನು ಜಗತ್ತೇ ನೋಡಿದೆ. ಪೆನ್ಸಿಲ್ ಹಿಡಿದು ಎಣಿಕೆ ಮೇಜಿನ ಪಕ್ಕ ನಿಂತವರನ್ನೂ ನಾವು ಅಷ್ಟೇ ನೆನೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮನೆಗೆ ಬಂದು ಎರಡನೇ ಅಂಕವನ್ನು ಮತಗಟ್ಟೆಯಲ್ಲೇ ಇಟ್ಟೆ. ನಾಯಕ ಅಲ್ಲಿ ಬರುವುದೇ ಇಲ್ಲ. ಬಲತುದಿಯಲ್ಲಿ ಪೆಟ್ಟಿಗೆ, ಎಡತುದಿಯಲ್ಲಿ ಪರದೆ, ನಡುವೆ ಮೂರು ಮೇಜು. ಒಬ್ಬೊಬ್ಬರಾಗಿ ಬಂದು ಮಡಚುತ್ತಾರೆ, ಪರಸ್ಪರ ಕ್ಷೇಮ ವಿಚಾರಿಸುತ್ತಾರೆ, ಹೋಗುತ್ತಾರೆ. ಕೊನೆಗೆ ಆ ಹೆಂಗಸು ಬಂದು ಕಾಗದ ಹಿಡಿದು ನಿಲ್ಲುತ್ತಾಳೆ.

ನಾಯಕನ ಪಾತ್ರ ಮಾಡುವ ಗೆಳೆಯರಿಗೆ ಇದು ಹಿಡಿಸಲಿಲ್ಲ. “ಅಲ್ರೀ, ಹೊಡೆತ ಇಲ್ಲ, ಬಡಿತ ಇಲ್ಲ, ಜನ ಕೂತು ನೋಡ್ತಾರಾ? ಅವಳು ಪರದೆ ತನಕ ನಡೆಯೋದನ್ನಾದ್ರೂ ಸ್ವಲ್ಪ ಬೇಗ ಮುಗಿಸಿ” ಅಂದರು. ಬೇರೆ ಏನನ್ನು ಬೇಕಾದರೂ ಕತ್ತರಿಸೋಣ, ಆ ನಡಿಗೆ ಮಾತ್ರ ಪೂರ್ತಿ ಇರಲಿ ಅಂದೆ. ಭಾನುವಾರದ ರಿಹರ್ಸಲ್‌ಗೆ ಕೆಳಮನೆಯ ಶಿಕ್ಷಕಿಯನ್ನು ಕರೆದಿದ್ದೇನೆ. ಮೇಜುಗಳ ನಡುವೆ ಎಷ್ಟು ಅಂತರ ಬೇಕು ಅಂತ ಅವರೇ ತೋರಿಸುತ್ತಾರಂತೆ.