ಹಳೇ ಸ್ಟಾಂಪ್ ರಾಶಿಯಲ್ಲಿ ಇನ್ನೂ ಏನಾದರೂ ಸಿಗುತ್ತಾ?

ನಾನು ಸ್ಟಾಂಪ್ ಕೂಡಿಡುತ್ತೇನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಇದೊಂದೇ ಪ್ರಶ್ನೆ. ನೂರೈವತ್ತು ವರ್ಷದಿಂದ ಜನ ಇದನ್ನೇ ಜಾಲಾಡಿದ್ದಾರೆ. ಒಳ್ಳೆಯದನ್ನೆಲ್ಲ ಯಾರೋ ಆಗಲೇ ಆರಿಸಿಕೊಂಡಿರುತ್ತಾರೆ. ನಿಮಗೆ ಇನ್ನೇನು ಸಿಗುತ್ತೆ?

ಸಿಗುತ್ತೆ. ಯಾಕೆಂದರೆ ಹೆಚ್ಚಿನವರು ಚಿತ್ರ ನೋಡುತ್ತಾರೆ, ಅಂಚು ನೋಡುವುದಿಲ್ಲ.

ಅಂಚು ಅಂದರೆ ಹಲ್ಲು ಹಲ್ಲಾಗಿ ಕಾಣುವ ಆ ಕೊನೆ. ನಮ್ಮ ದೇಶದ 1854ರ ಮೊದಲ ಸ್ಟಾಂಪುಗಳಿಗೆ ಅದು ಇರಲಿಲ್ಲ, ಕತ್ತರಿಯಲ್ಲೇ ಕತ್ತರಿಸಬೇಕಿತ್ತು. ಆಮೇಲೆ ಹಾಳೆಗೆ ಸಾಲಾಗಿ ತೂತು ಹೊಡೆಯುವ ಯಂತ್ರ ಬಂತು. ಈ ತೂತುಗಳಿಗೇ ಪರ್ಫೊರೇಶನ್ ಅನ್ನುವುದು. ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತೂತು ಕೂರುತ್ತವೆ ಅನ್ನುವುದೇ ಅದರ ಅಳತೆ. ಈ ಲೆಕ್ಕವನ್ನು 1866ರಲ್ಲಿ ಪ್ಯಾರಿಸ್ಸಿನ ಡಾಕ್ಟರ್ ಲೆಗ್ರಾಂಡ್ ಶುರು ಮಾಡಿದರು, ಇವತ್ತಿಗೂ ಅದೇ ನಡೆಯುತ್ತಿದೆ. 14½×14 ಅಂತ ಬರೆದಿದ್ದರೆ ಮೇಲೆ ಕೆಳಗೆ 14½, ಎಡ ಬಲಕ್ಕೆ 14 ಅಂತ ಅರ್ಥ.

ಒಂದೇ ಚಿತ್ರ, ಒಂದೇ ಬಣ್ಣ, ಒಂದೇ ಬೆಲೆ, ಆದರೆ ತೂತಿನ ಲೆಕ್ಕ ಬೇರೆ. ಆಲ್ಬಮ್ಮಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಅಪರೂಪದ್ದು ಸಾಮಾನ್ಯದ ಜೊತೆ ಸುಮ್ನೆ ಕೂತುಬಿಡುತ್ತದೆ.

ಅಮೆರಿಕದ ಒಂದು ಉದಾಹರಣೆ ನೋಡಿ. ಅಧ್ಯಕ್ಷ ವಾರನ್ ಹಾರ್ಡಿಂಗ್ 1923ರ ಆಗಸ್ಟ್ 2ರಂದು ತೀರಿಕೊಂಡರು. ಸೆಪ್ಟೆಂಬರ್ 1ಕ್ಕೇ ಅವರ ನೆನಪಿಗೆ ಎರಡು ಸೆಂಟಿನ ಕಪ್ಪು ಸ್ಟಾಂಪ್ ಬಂತು. ಚಪ್ಪಟೆ ಅಚ್ಚಿನಲ್ಲಿ ಮುದ್ರಿಸಿದ್ದಕ್ಕೆ 11ರ ತೂತು. ರೋಟರಿ ಯಂತ್ರದಲ್ಲಿ, ಅಂದರೆ ಬಗ್ಗಿಸಿದ ಅಚ್ಚು ಸುತ್ತುವ ಯಂತ್ರದಲ್ಲಿ, ಮುದ್ರಿಸಿದ್ದಕ್ಕೆ 10ರ ತೂತು. ಆದರೆ ರೋಟರಿಯ ಒಂದಷ್ಟು ಹಾಳೆಗಳಿಗೆ 11ರ ತೂತು ಬಿದ್ದಿತ್ತು. ಅದು ಸಂಗ್ರಾಹಕರ ಕಣ್ಣಿಗೆ ಬಿದ್ದದ್ದು 1938ರಲ್ಲಿ. ಹದಿನೈದು ವರ್ಷ! ಆ ಸ್ಟಾಂಪ್ ಅಷ್ಟೂ ದಿನ ಜನರ ಆಲ್ಬಮ್ಮುಗಳಲ್ಲೇ ಇತ್ತು.

ಅದನ್ನು ಗುರುತಿಸಲು ತೂತು ಮಾತ್ರ ಎಣಿಸಿದರೆ ಸಾಲದು, ಚಿತ್ರದ ಎತ್ತರವನ್ನೂ ನೋಡಬೇಕು. ರೋಟರಿಗೆ ಅಚ್ಚನ್ನು ಬಗ್ಗಿಸುವಾಗ ಚಿತ್ರ ಒಂದು ಕಡೆಗೆ ಸ್ವಲ್ಪ ಹಿಗ್ಗುತ್ತದೆ. ಚಪ್ಪಟೆ ಅಚ್ಚಿನ ಸಾಮಾನ್ಯ ಹಾರ್ಡಿಂಗನ್ನು ಮೇಲಿಟ್ಟು ಹೋಲಿಸಿದರೆ, ರೋಟರಿಯ ಚಿತ್ರ ಕೂದಲೆಳೆಯಷ್ಟು ಹೊರಗೆ ಇಣುಕುತ್ತದೆ. ನನಗೆ ಆ ಸ್ಟಾಂಪ್ ಸಿಕ್ಕಿಲ್ಲ. ಆದರೂ ಎರಡು ಸೆಂಟಿನ ಕಪ್ಪು ಹಾರ್ಡಿಂಗ್ ಕೈಗೆ ಬಂದಾಗಲೆಲ್ಲ ಅಳೆಯದೆ ಕೆಳಗಿಟ್ಟಿಲ್ಲ.

ಈಗ ನನಗೆ ಸಿಕ್ಕಿದ್ದರ ಕಥೆ. ನನ್ನ ದೊಡ್ಡಮ್ಮನ ಮಾವ ಮೊಂಬಾಸಾದಲ್ಲಿ ಕೆಲಸಕ್ಕಿದ್ದರು. ಅವರು ಉಡುಪಿಯ ಮನೆಗೆ ಬರೆದ ಕಾಗದಗಳು ಒಂದು ಬಿಸ್ಕತ್ ಡಬ್ಬಿಯಲ್ಲಿದ್ದವು. ಕೀನ್ಯಾ, ಉಗಾಂಡಾ, ಟಾಂಗಾನ್ಯಿಕಾ (ಈಗಿನ ಟಾಂಜಾನಿಯಾದ ಮುಖ್ಯ ಭಾಗ) ಮೂರಕ್ಕೂ ಆಗ ಒಂದೇ ಸ್ಟಾಂಪ್. ಕವರುಗಳ ಮೇಲೆ ಜಾಸ್ತಿ ಇದ್ದದ್ದು ಇಪ್ಪತ್ತು ಸೆಂಟಿನದು: ಆರನೇ ಜಾರ್ಜ್ ದೊರೆಯ ಮುಖ, ತಲೆ ಮೇಲೆ ಜುಟ್ಟಿರುವ ಕೊಕ್ಕರೆ, ಕಪ್ಪು ಮತ್ತು ಕಿತ್ತಳೆ ಬಣ್ಣ. ನಾನು ಗೇಜ್, ಅಂದರೆ ತೂತು ಅಳೆಯುವ ಪಟ್ಟಿ, ತೆಗೆದು ಜಗಲಿಯಲ್ಲಿ ಕೂತಾಗ ದೊಡ್ಡಮ್ಮ ಕೇಳಿದರು, "ತೂತು ಎಣಿಸ್ಲಿಕ್ಕೆ ಇಷ್ಟು ದೂರ ಬಂದದ್ದಾ ಮಾರಾಯ?"

ಹೌದು, ಅದಕ್ಕೇ ಬಂದಿದ್ದೆ. ಈ ಕೊಕ್ಕರೆ 1938ರಲ್ಲಿ ಬಂದಾಗ ತೂತು 13¼. ಮುದ್ರಿಸುತ್ತಿದ್ದದ್ದು ಲಂಡನ್ನಿನ ಡೆ ಲಾ ರೂ ಕಂಪನಿ. 1940ರ ಡಿಸೆಂಬರ್ 29ರ ರಾತ್ರಿ ಜರ್ಮನ್ ವಿಮಾನಗಳು ಲಂಡನ್ನಿಗೆ ಬೆಂಕಿ ಮಳೆ ಸುರಿಸಿದಾಗ ಅವರ ಕಾರ್ಖಾನೆಗೂ ಪೆಟ್ಟು ಬಿತ್ತು. ಮಾಮೂಲಿ ತೂತಿನ ಯಂತ್ರಗಳೇ ಹಾಳಾದವು. ಸ್ಟಾಂಪಿನ ಕೆಲಸ ನಿಲ್ಲಿಸುವ ಹಾಗಿರಲಿಲ್ಲ. 1941ರಲ್ಲಿ ಅದೇ ಕೊಕ್ಕರೆ 14ರ ತೂತಿನಲ್ಲಿ ಬಂತು, ಆಮೇಲೆ 13×11¾ರಲ್ಲಿ. ಬಾಂಬ್ ಬಿದ್ದ ಗುರುತು ಸ್ಟಾಂಪಿನ ಅಂಚಿನಲ್ಲೇ ಉಳಿದಿದೆ, ಅಲ್ವಾ? ನನಗೆ ಈ ಹವ್ಯಾಸ ಬಿಡಲಾಗದಿರುವುದು ಇದಕ್ಕೇ.

13×11¾ ಬರಿಗಣ್ಣಿಗೇ ಗೊತ್ತಾಗುತ್ತೆ, ಪಕ್ಕದ ಹಲ್ಲುಗಳು ಒರಟಾಗಿರುತ್ತವೆ. ಕಷ್ಟ ಇರುವುದು 13¼ ಮತ್ತು 14ರ ನಡುವೆ. ಎರಡು ಸೆಂಟಿಮೀಟರಿಗೆ ಒಂದು ತೂತಿನಷ್ಟೂ ವ್ಯತ್ಯಾಸ ಇಲ್ಲ. ಅಲ್ಲಿ ನಾನು ಮಾಡುವುದು ಇಷ್ಟು: ಅಳತೆ ಖಚಿತವಾದ ಒಂದು ಬಿಡಿ ಸ್ಟಾಂಪನ್ನೇ ಗೇಜ್ ಮಾಡಿಕೊಳ್ಳುತ್ತೇನೆ. ಅದರ ಅಂಚನ್ನು ಇನ್ನೊಂದರ ಅಂಚಿನ ಮೇಲಿಟ್ಟು, ಮೊದಲ ಹಲ್ಲಿಗೆ ಹಲ್ಲು ಕೂರಿಸುತ್ತೇನೆ. ಒಂದೇ ಅಳತೆಯದಾದರೆ ಕೊನೆಯ ಹಲ್ಲಿನವರೆಗೂ ಕೂರುತ್ತದೆ. ಇಲ್ಲದಿದ್ದರೆ ನಾಲ್ಕನೇ ಐದನೇ ಹಲ್ಲಿನಿಂದ ಸರಿಯತೊಡಗಿ, ಕೊನೆಗೆ ಹಲ್ಲಿನ ಎದುರು ತೂತು ಬಂದಿರುತ್ತದೆ. ನೂರು ಸ್ಟಾಂಪಿನ ರಾಶಿಯನ್ನು ಹೀಗೆ ಅರ್ಧ ಗಂಟೆಯಲ್ಲಿ ಬೇರೆ ಮಾಡಬಹುದು. ಬೇರೆಯಾದದ್ದನ್ನು ಮಾತ್ರ ಗೇಜಿಗೆ ಹಿಡಿದರೆ ಸಾಕು.

ನೀರಿನಲ್ಲಿ ನೆನೆಸಿ ಬಿಡಿಸಿದ ಸ್ಟಾಂಪನ್ನು ಪೂರ್ತಿ ಒಣಗುವ ಮೊದಲು ಅಳೆಯಬೇಡಿ. ಒದ್ದೆ ಕಾಗದ ಹಿಗ್ಗಿರುತ್ತದೆ, ಲೆಕ್ಕ ತಪ್ಪುತ್ತದೆ. ಹಲ್ಲು ತೀರಾ ಚೊಕ್ಕಟವಾಗಿದ್ದರೂ ಅನುಮಾನ ಇರಲಿ. ಅಗಲ ಅಂಚಿನ ಸ್ಟಾಂಪಿಗೆ ಹೊಸದಾಗಿ ತೂತು ಹೊಡೆದು ಮಾರುವವರಿದ್ದಾರೆ. ಕ್ಯಾಟಲಾಗ್ ಅಂತೂ ಪಕ್ಕದಲ್ಲೇ ಇರಬೇಕು. ಯಾವ ಸ್ಟಾಂಪಿಗೆ ಎಷ್ಟು ಅಳತೆ ಇವೆ ಅಂತ ಗೊತ್ತಿಲ್ಲದೆ ಅಳೆದು ಏನು ಪ್ರಯೋಜನ?

ವಿದೇಶದ್ದೇ ಆಗಬೇಕೆಂದಿಲ್ಲ. 1979ರಿಂದ ಬಂದ ನಮ್ಮ ಬೇಸಾಯದ ಸರಣಿ ನೆನಪಿದೆಯಾ? ಕೋಳಿಮರಿ, ಟ್ರ್ಯಾಕ್ಟರ್, ಹತ್ತಿ ಗಿಡ. ಮನೆಗೆ ಬಂದ ಲಗ್ನಪತ್ರಿಕೆಗಳ ಮೇಲೆಲ್ಲ ಇರುತ್ತಿದ್ದವು. ಅದರಲ್ಲೂ ಕೆಲವು ಬೆಲೆಗಳು 14½×14ರಲ್ಲೂ ಇವೆ, 13ರಲ್ಲೂ ಇವೆ. ದುಡ್ಡಿನ ಲೆಕ್ಕದಲ್ಲಿ ದೊಡ್ಡದಲ್ಲ, ಆದರೆ ಕಣ್ಣು ಪಳಗಿಸಲು ಇದಕ್ಕಿಂತ ಒಳ್ಳೆಯ ರಾಶಿ ಸಿಗದು.

ದೊಡ್ಡಮ್ಮನ ಡಬ್ಬಿಯಲ್ಲಿ ಇಪ್ಪತ್ತು ಸೆಂಟಿನ ಕೊಕ್ಕರೆಗಳು ಮೂವತ್ತೊಂದು ಇದ್ದವು. 14ರ ತೂತಿನದು ಎರಡು. ಎರಡೂ ಕವರಿನ ಮೇಲೇ ಇವೆ, ನಾನು ಬಿಡಿಸಿಲ್ಲ. ಈ 14ರ ಸ್ಟಾಂಪಿಗೆ ಕ್ಯಾಟಲಾಗ್ ಕೊಡುವ ತಾರೀಖು ಅಂಚೆ ಮುದ್ರೆ ನೋಡಿ ಹಾಕಿದ್ದು, ಈವರೆಗೆ ಸಿಕ್ಕಿರುವುದರಲ್ಲಿ ಎಲ್ಲಕ್ಕಿಂತ ಹಳೆಯದು. ಅದಕ್ಕಿಂತ ಹಿಂದಿನ ಮುದ್ರೆ ಯಾರ ಮನೆಯ ಕವರಿನ ಮೇಲೆ ಬೇಕಾದರೂ ಇರಬಹುದು. ಒಂದು ಕವರಿನದು 1942 ಅಂತ ಸ್ಪಷ್ಟವಾಗಿದೆ. ಇನ್ನೊಂದರಲ್ಲಿ ಊರಿನ ಹೆಸರು ಓದಬಹುದು, ಇಸವಿಯ ಕೊನೆಯ ಅಂಕಿ ಮಸಿಯಲ್ಲಿ ಕಲಸಿದೆ. ಮುಂದಿನ ತಿಂಗಳು ಉಡುಪಿಗೆ ಹೋದಾಗ ಒಳಗಿನ ಕಾಗದದಲ್ಲಿ ಅವರು ತಾರೀಖು ಬರೆದಿದ್ದಾರಾ ನೋಡಬೇಕು.