ಹೃದಯಕ್ಕೂ ವಿಟಮಿನ್ ಎ ಯಾಕೆ ಬೇಕು?

ವಿಟಮಿನ್ ಎ ಅಂದ ಕೂಡಲೇ ಎಲ್ಲರೂ ಕಣ್ಣಿನ ಮಾತೇ ಎತ್ತುತ್ತಾರೆ. ಇರುಳುಗಣ್ಣು, ಕ್ಯಾರೆಟ್, ಅಲ್ಲಿಗೆ ಮುಗಿಯಿತು. ಆದರೆ ಹೃದಯ ತನ್ನ ಶಕ್ತಿಯನ್ನು ಹೇಗೆ ಹುಟ್ಟಿಸಿಕೊಳ್ಳುತ್ತದೆ ಅಂತ ಓದುತ್ತಾ ಹೋದರೆ ಅಲ್ಲೂ ಇದೇ ವಿಟಮಿನ್ ಸಿಗುತ್ತದೆ. ನನಗಂತೂ ಇದು ಕಣ್ಣಿನ ಕಥೆಗಿಂತ ಜಾಸ್ತಿ ಹಿಡಿಸಿತು.

ಮೊದಲು ಹೃದಯದ ಹಸಿವು ಎಷ್ಟು ಅಂತ ನೋಡಿ. ದಿನಕ್ಕೆ ಸುಮಾರು 1 ಲಕ್ಷ ಬಡಿತ. ಪ್ರತಿ ಬಡಿತಕ್ಕೂ ಎಟಿಪಿ, ಅಂದರೆ ಜೀವಕೋಶಕ್ಕೆ ಶಕ್ತಿ ಕೊಡುವ ಅಣು ಬೇಕು, ಆದರೆ ಹೃದಯದಲ್ಲಿ ಇರುವ ಎಟಿಪಿ ಕೆಲವೇ ಸೆಕೆಂಡುಗಳಿಗೆ ಸಾಕಾಗುವಷ್ಟು. ಹಾಗಾಗಿ ಅದೇ ಅಣುಗಳನ್ನು ಮತ್ತೆ ಮತ್ತೆ ತಯಾರಿಸುತ್ತಲೇ ಇರಬೇಕು, ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 6 ಕಿಲೋ ಆಗುತ್ತದೆ, ಅದೂ 300 ಗ್ರಾಂ ಆಸುಪಾಸಿನ ಒಂದು ಅಂಗದಲ್ಲಿ! ಹೃದಯದ ಜೀವಕೋಶದ ಮೂರನೇ ಒಂದು ಭಾಗದಲ್ಲಿ ಎಟಿಪಿ ತಯಾರಿಸುವ ಮೈಟೊಕಾಂಡ್ರಿಯಾಗಳೇ ತುಂಬಿಕೊಂಡಿರುವುದು ಇದಕ್ಕೇ. ಆರೋಗ್ಯವಾಗಿರುವ ಹೃದಯ ಹೆಚ್ಚಾಗಿ ಉರಿಸುವುದು ಸಕ್ಕರೆಯನ್ನಲ್ಲ, ಕೊಬ್ಬಿನಾಮ್ಲಗಳನ್ನು. ಅದರ ಶಕ್ತಿಯ ಅರ್ಧಕ್ಕಿಂತ ಜಾಸ್ತಿ ಅಲ್ಲಿಂದಲೇ ಬರುತ್ತದೆ.

ವಿಟಮಿನ್ ಎ ಇಲ್ಲಿ ಇಂಧನ ಅಲ್ಲ. ಯಾವ ಇಂಧನ ಎಷ್ಟು ಉರಿಯಬೇಕು ಅಂತ ಹೇಳುವ ಜೀನ್‌ಗಳ ಮೇಲೆ ಅದಕ್ಕೆ ಹಿಡಿತ ಇದೆ. ಜೀವಕೋಶ ರೆಟಿನಾಲ್ (ವಿಟಮಿನ್ ಎ ಯ ಒಂದು ರೂಪ) ಅನ್ನು ರೆಟಿನಾಲ್ಡಿಹೈಡ್ ಮಾಡಿ, ಅದನ್ನು ರೆಟಿನಾಯಿಕ್ ಆಮ್ಲ ಮಾಡುತ್ತದೆ. ಈ ಕೊನೆಯ ಹೆಜ್ಜೆ ಇಟ್ಟ ಮೇಲೆ ವಾಪಸ್ ಬರುವ ದಾರಿ ಇಲ್ಲ. ರೆಟಿನಾಯಿಕ್ ಆಮ್ಲ ಕೋಶಕೇಂದ್ರಕ್ಕೆ ಹೋಗಿ ಆರ್‌ಎಆರ್ ಅನ್ನುವ ಗ್ರಾಹಕಕ್ಕೆ, ಅಂದರೆ ಸಂಕೇತ ಹಿಡಿದು ಜೀನ್‌ಗಳನ್ನು ನಡೆಸುವ ಪ್ರೋಟೀನಿಗೆ, ಅಂಟಿಕೊಳ್ಳುತ್ತದೆ. ಆರ್‌ಎಆರ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಅದಕ್ಕೆ ಆರ್‌ಎಕ್ಸ್‌ಆರ್ ಅನ್ನುವ ಜೊತೆಗಾರ ಬೇಕು. ನನಗೆ ತುಂಬಾ ಇಷ್ಟವಾದ ವಿಷಯ ಇರುವುದೇ ಇಲ್ಲಿ. ಕೊಬ್ಬನ್ನು ಕೋಶದ ಒಳಗೆ ತಂದು, ಮೈಟೊಕಾಂಡ್ರಿಯಾಕ್ಕೆ ಸಾಗಿಸಿ, ಉರಿಸುವ ಜೀನ್‌ಗಳನ್ನೆಲ್ಲ ಎಬ್ಬಿಸುವ ಪಿಪಿಎಆರ್ ಆಲ್ಫಾ ಅಂತ ಇನ್ನೊಂದು ಗ್ರಾಹಕ ಇದೆಯಲ್ಲ, ಅದಕ್ಕೂ ಇದೇ ಆರ್‌ಎಕ್ಸ್‌ಆರ್ ಜೊತೆಗಾರ. ವಿಟಮಿನ್ ಎ ದಾರಿ, ಕೊಬ್ಬು ಉರಿಸುವ ದಾರಿ ಎರಡೂ ಒಂದೇ ಕಡೆ ಬಂದು ಸೇರುತ್ತವೆ.

ವಿಟಮಿನ್ ಎ ಕೊಡದೆ ಬೆಳೆಸಿದ ಇಲಿಗಳಲ್ಲಿ ಹೃದಯದ ಎಡಗಡೆಯ ಕೆಳಕೋಣೆ ಹಿಗ್ಗಿ, ರಕ್ತ ಪಂಪ್ ಮಾಡುವ ಬಲ ಕಡಿಮೆಯಾಗಿದ್ದು ಕಂಡಿದೆ. ಮನುಷ್ಯರಲ್ಲೂ ಹಾರ್ಟ್ ಫೇಲ್ಯೂರ್ ಮುಂದುವರಿದಂತೆ ಹೃದಯ ಕೊಬ್ಬು ಉರಿಸುವುದನ್ನು ಕಡಿಮೆ ಮಾಡುತ್ತದೆ, ಶಕ್ತಿಯ ಬರ ಶುರುವಾಗುತ್ತದೆ. ಹೃದಯ ಹಿಗ್ಗುವ ಕಾಯಿಲೆ ಇದ್ದವರ ಹೃದಯ ಸ್ನಾಯುವಿನಲ್ಲಿ ರೆಟಿನಾಯಿಕ್ ಆಮ್ಲ ಕಡಿಮೆ ಇದ್ದದ್ದೂ ಕಂಡಿದೆ. ಇದೇ ಆ ಬರಕ್ಕೆ ಕಾರಣ ಅಂತ ಅಷ್ಟರಿಂದಲೇ ಹೇಳಲು ಆಗುವುದಿಲ್ಲ, ಆದರೆ ಸುಮ್ನೆ ಬಿಟ್ಟುಬಿಡುವ ವಿಷಯವೂ ಅಲ್ಲ.

ಹಾಗಾದರೆ ಮಾತ್ರೆ ನುಂಗಿದರೆ ಆಯಿತಲ್ವಾ? ದಯವಿಟ್ಟು ಬೇಡ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್. ಹೆಚ್ಚಾದದ್ದು ಮೂತ್ರದಲ್ಲಿ ಹೋಗುವುದಿಲ್ಲ, ಲಿವರ್‌ನಲ್ಲಿ ಕೂಡಿಕೊಳ್ಳುತ್ತದೆ. ಅಮೆರಿಕದ ಶಿಫಾರಸಿನಲ್ಲಿ ಗಂಡಸರಿಗೆ ದಿನಕ್ಕೆ 900, ಹೆಂಗಸರಿಗೆ 700 ಮೈಕ್ರೊಗ್ರಾಂ ಸಾಕು. ರೆಟಿನಾಲ್ ರೂಪದಲ್ಲಿ 3,000 ದಾಟಬಾರದು. ದೇಹ ವಿಟಮಿನ್ ಎ ಆಗಿ ಬದಲಾಯಿಸಿಕೊಳ್ಳುವ ಬೀಟಾ ಕ್ಯಾರೊಟಿನ್ ಜೊತೆ ವಿಟಮಿನ್ ಎ ಕೊಟ್ಟು ನೋಡಿದ ಅಮೆರಿಕದ ಕ್ಯಾರೆಟ್ (CARET) ಎಂಬ ದೊಡ್ಡ ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು, ಯಾಕಂದ್ರೆ ಅದರಲ್ಲಿದ್ದ ಸಿಗರೇಟ್ ಸೇದುವವರು ಮತ್ತು ಆಸ್ಬೆಸ್ಟಾಸ್ ಧೂಳಿನಲ್ಲಿ ಕೆಲಸ ಮಾಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು.

ಗರ್ಭದಲ್ಲಿರುವ ಮಗುವಿನ ವಿಷಯದಲ್ಲಂತೂ ಎರಡೂ ಕಡೆ ಅಪಾಯ. ತಾಯಿ ಇಲಿಗೆ ವಿಟಮಿನ್ ಎ ಸಾಲದೆ ಹೋದರೆ ಮರಿಗಳ ಹೃದಯ, ಮಹಾಪಧಮನಿ ಸರಿಯಾಗಿ ರೂಪುಗೊಳ್ಳುವುದಿಲ್ಲ ಅಂತ ವಿಲ್ಸನ್ ಮತ್ತು ವಾರ್ಕನಿ ಎಂಬ ಸಂಶೋಧಕರು 1949ರಲ್ಲೇ ತೋರಿಸಿದ್ದರು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಕೂಡ ಇದೇ ಕುಟುಂಬದ ಅಣು, ಗರ್ಭಿಣಿ ತೆಗೆದುಕೊಂಡರೆ ಮಗುವಿನ ಹೃದಯಕ್ಕೆ ಪೆಟ್ಟು.

ಹೃದಯ ಸ್ನಾಯುವಿನಲ್ಲಿ ಕಡಿಮೆ ಇರುವುದು ರೆಟಿನಾಯಿಕ್ ಆಮ್ಲ. ಅದನ್ನು ತಯಾರಿಸುವ ಕಿಣ್ವಗಳೂ ಇವೆ, ಒಡೆದು ಹಾಕುವ ಕಿಣ್ವಗಳೂ ಇವೆ. ಲಿವರ್ ತುಂಬಿಸಿ ಕೂತರೆ ಈ ಲೆಕ್ಕ ಸರಿಹೋಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಮೈಯೆಲ್ಲ ಏರಿಸದೆ ಹೃದಯದ ಕೋಶದಲ್ಲಷ್ಟೇ ಅದನ್ನು ಏರಿಸುವುದು ಹೇಗೆ ಅನ್ನುವುದೇ ನಿಜವಾಗಿ ಕೆಲಸ ಆಗಬೇಕಾದ ಜಾಗ.